ಪರದೆಯ ಸಮುದ್ರ

ನಮ್ಮ ಸ್ಟುಡಿಯೋದಲ್ಲಿ ಒಂದು ಸಮುದ್ರವಿತ್ತು. ಔರಂಗಾಬಾದಿನ ದಂಡು ಪ್ರದೇಶದ ಛಾವಣಿ ಬಜಾರಿನಲ್ಲಿ, ಹತ್ತಡಿ ಅಗಲದ ದಪ್ಪ ಬಟ್ಟೆಯ ಮೇಲೆ ನಮ್ಮ ಯಜಮಾನರು, ಮನ್ಮಥಪ್ಪನವರು, ತಾವೇ ಬರೆದು ಗೋಡೆಗೆ ಇಳಿಬಿಟ್ಟಿದ್ದ ಸಮುದ್ರ. ನೀಲಿ ನೀರು, ಬಿಳಿ ತೆರೆ, ಎಡಗಡೆ ಹಾಯಿ ಬಿಚ್ಚಿದ ಒಂದು ಹಡಗು. ಫೋಟೋದಲ್ಲಿ ಬರುವುದು ಕಪ್ಪು ಬಿಳುಪೇ ಆದರೂ ನೀಲಿಯೇ ಬೇಕೆಂದು ಹಟ ಹಿಡಿದು ಬಣ್ಣ ತರಿಸಿದ್ದರು. ಊರಿನ ಅರ್ಧ ಮದುಮಕ್ಕಳು ಅದರ ಮುಂದೆ ಕುಳಿತು ಹೋಗಿದ್ದಾರೆ. ಆ ಫೋಟೋ ತೋರಿಸಿ ಬೀಗರಿಗೆ ಬೊಂಬಾಯಿಗೆ ಹೋಗಿ ಬಂದೆವು ಎಂದು ಹೇಳಿಕೊಂಡ ಮಹಾನುಭಾವರೂ ಇದ್ದಾರೆ.

ಬರೆದವರು ಮಾತ್ರ ಸಮುದ್ರ ನೋಡಿರಲಿಲ್ಲ. ಭಾಲ್ಕಿಯಲ್ಲಿ ಹುಟ್ಟಿದ ಮನುಷ್ಯ ಎಲ್ಲಿಂದ ನೋಡಬೇಕು? ಕೊಂಕಣದ ಕಡೆಯವರು ಯಾರಾದರೂ ಸ್ಟುಡಿಯೋಕ್ಕೆ ಬಂದರೆ ಸಾಕು, "ಹಿಂಗೇ ಇರ್ತದೇನ್ರಿ?" ಎಂದು ಕೇಳುತ್ತಿದ್ದರು. ಬಂದವರು ಮುಲಾಜಿಗೆ ಹೂಂ ಅನ್ನುತ್ತಿದ್ದರು. ಇವರಿಗೆ ನಂಬಿಕೆ ಬರುತ್ತಿರಲಿಲ್ಲ.

"ನಾ ಬರದಿದ್ದು ಖರೇ ಅದನೋ ಸುಳ್ಳೋ, ಒಮ್ಮಿ ಕಣ್ಣಾರೆ ನೋಡಿ ಸಾಯ್ಬೇಕು, ಪ್ರೇಮಾ," ಎನ್ನುವರು.

"ಸಾಯೋ ಮಾತು ಯಾಕ್ರಿ? ಟಿಕೆಟ್ ತೆಗಸೋ ಮಾತಾಡ್ರಿ," ಎಂದು ನಾನು ಬೈಯುತ್ತಿದ್ದೆ. ನನ್ನ ನಾಲಿಗೆ ಸ್ವಲ್ಪ ಚುರುಕು. ಅದು ನನಗೂ ಗೊತ್ತು, ಛಾವಣಿ ಬಜಾರಿಗೂ ಗೊತ್ತು.

ಆಮೇಲೆ ಅವರ ಕಣ್ಣು ಹೋಗತೊಡಗಿತು. ಕಾಚಬಿಂದು, ಒಳಗಿನಿಂದಲೇ ದೃಷ್ಟಿ ತಿನ್ನುವ ರೋಗ, ಎಂದರು ಕಣ್ಣಿನ ಡಾಕ್ಟರು. ಹೋದ ಬೆಳಕು ತಿರುಗಿ ಬರುವುದಿಲ್ಲ, ಬಲಗಣ್ಣು ಮುಗಿದಿದೆ, ಎಡಗಣ್ಣು ಎಷ್ಟು ದಿನವೋ ಹೇಳಲಾರೆ ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಅಳತೊಡಗಿದೆ. ಇವರು ನಕ್ಕರು. "ಅಳ್ತಿ ಯಾಕ? ಫೋಟೋ ತೆಗ್ಯಾವಗ ಎಷ್ಟು ಕಣ್ಣು ಬೇಕು? ಒಂದೇ."

ಅದೇ ಹೊತ್ತಿಗೆ, ಎಪ್ಪತ್ತನೇ ಇಸವಿಯ ಜನವರಿಯಲ್ಲಿ, ಬೊಂಬಾಯಿಯ ಒಂದು ಛಾಪಖಾನೆಯಿಂದ ಕಾಗದ ಬಂತು. ಕ್ಯಾಲೆಂಡರಿಗೆ ಮೂರು ದೊಡ್ಡ ಚಿತ್ರ ಬೇಕು. ವೇರೂಳಿನ ಗುಹೆಗಳು ಬೇಡ, ಅವನ್ನು ಎಲ್ಲರೂ ಹಾಕುತ್ತಾರೆ. ನಿಮ್ಮ ಛಾವಣಿಯ ಹಳೆಯ ಚರ್ಚು, ನಾಶಿಕದ ಶರಣಪುರದ ಚರ್ಚು, ಮತ್ತೆ ಅಲಿಬಾಗದ ಸಮುದ್ರಕೋಟೆ. ನೀರು ತುಂಬಿದಾಗ ಆ ಕೋಟೆ ನಡುಗಡ್ಡೆ, ಇಳಿದಾಗ ಜನ ನಡೆದು ಹೋಗುತ್ತಾರೆ. ಹಾಗೆ ನಡೆದು ಹೋಗುವ ದಾರಿ ಚಿತ್ರದಲ್ಲಿ ಕಾಣಬೇಕು.

ಕಾಗದ ನಾನೇ ಓದಿ ಹೇಳಿದೆ. ಸಮುದ್ರ ಎಂಬ ಶಬ್ದ ಬಂದಾಗ ಇವರು ಎದ್ದು ನಿಂತುಬಿಟ್ಟರು. "ಇನ್ನೊಮ್ಮಿ ಓದು," ಎಂದರು.

ಮೊದಲು ಛಾವಣಿಯ ಚರ್ಚು. ತರಕಾರಿ ಚೀಲ ಹಿಡಿದು ದಿನಾ ಅದರ ಮುಂದೆಯೇ ಹಾದುಹೋಗುವವಳು ನಾನು, ಒಂದು ದಿನವಾದರೂ ತಲೆಯೆತ್ತಿ ನೋಡಿದವಳಲ್ಲ. ಇವರು ಮೂರು ಕಾಲಿನ ದೊಡ್ಡ ಕ್ಯಾಮೆರಾ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಆಮೇಲೆ "ನೀನೂ ನೋಡು ಬಾ" ಎಂದು ಕರೆದರು. ಒಳಗೆ ಹೋದೆ. ಶಿವ ಶಿವಾ! ಹಿಂಬದಿಯ ಮಸಕು ಗಾಜಿನ ಮೇಲೆ ಇಡೀ ಚರ್ಚು ತಲೆಕೆಳಗಾಗಿ ತೂಗುತ್ತಿತ್ತು. ಕಲ್ಲಿನ ಕಮಾನು, ಕಿಟಕಿ, ಶಿಲುಬೆ ಎಲ್ಲ ಮೇಲಿನಿಂದ ಇಳಿಬಿದ್ದಿದ್ದವು, ಆಕಾಶ ಕೆಳಗೆ ಕೆರೆಯಂತೆ ತುಂಬಿಕೊಂಡಿತ್ತು. ಒಂದು ಪಾರಿವಾಳ ಬೆನ್ನು ಕೆಳಗೆ ಮಾಡಿ ಹಾರಿಹೋಯಿತು. ಇಷ್ಟು ವರ್ಷ ನನ್ನ ಗಂಡ ಈ ಬಟ್ಟೆಯೊಳಗೆ ಒಬ್ಬರೇ ಇಂಥದ್ದನ್ನು ನೋಡುತ್ತಿದ್ದರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಬಿಸಿಲು ನೆತ್ತಿಗೆ ಬರುವವರೆಗೆ ನಾನು ಹೊರಗೆ ಬರಲಿಲ್ಲ.

ಫೆಬ್ರವರಿಯಲ್ಲಿ ನಾಶಿಕಕ್ಕೆ ಹೋದೆವು. ಅಲ್ಲಿ ಊಟಕ್ಕೆ ಕುಳಿತ ಹೋಟೆಲು ಉಡುಪಿ ಕಡೆಯವರದು. ನಾವು ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದದ್ದೇ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಯಜಮಾನ ಜಯಕರ ಎದ್ದು ಬಂದ. ಮೂವತ್ತರ ಸುಮಾರಿನ ಹುಡುಗುಮುಖದವನು. ತಾನೇ ಸಾರು ಬಡಿಸಿ, ಒಂದು ಗಂಟೆಯೊಳಗೆ ನನ್ನನ್ನು ಅಕ್ಕ ಮಾಡಿಕೊಂಡ. ಶರಣಪುರದ ಚರ್ಚಿಗೆ ಕ್ಯಾಮೆರಾ ಪೆಟ್ಟಿಗೆ ಹೊತ್ತು ಬಂದವನೂ ಅವನೇ.

ಅಲ್ಲಿ ದೊಡ್ಡ ದೊಡ್ಡ ಮರಗಳು, ನೆರಳಿನಲ್ಲಿ ಹಳೆಯ ಸಮಾಧಿಗಳು. ಚರ್ಚಿನೊಳಗೆ ಕಾಲಿಟ್ಟರೆ ನಮ್ಮ ಉಸಿರು ನಮಗೇ ಕೇಳುವಷ್ಟು ಮೌನ. ಬಣ್ಣದ ಗಾಜಿನಿಂದ ಬಿಸಿಲು ಇಳಿದು ಜಯಕರನ ಬಿಳಿ ಅಂಗಿಯನ್ನು ಕೆಂಪು ಮಾಡಿತ್ತು. ಹೊರಗೆ ಬಂದಾಗ ಗಂಟೆ ಬಾರಿಸಿದರು. ಎದೆಯೊಳಗೇ ಬಾರಿಸಿದಂತಾಯಿತು. ಇವರು ಕತ್ತು ಮೇಲೆತ್ತಿ ಗಂಟೆಯನ್ನು ಬಹಳ ಹೊತ್ತು ನೋಡಿದರು.

"ಕಂಡಿತೇನ್ರಿ?"

"ಕಂಡಿತು. ಅಲ್ಲಾಡೋದೂ ಕಂಡಿತು," ಎಂದರು. ಆದರೆ ಬಟ್ಟೆಯೊಳಗೆ ಈ ಸಲ ನನ್ನನ್ನೇ ಕಳಿಸಿ, ಗಾಜಿನ ಮೇಲೆ ಗೆರೆ ಚೂಪಾಗುವವರೆಗೆ ತಿರುಪು ತಿರುಗಿಸಲು ಹೇಳಿದರು. ವಿದ್ಯೆ ಕಲಿಸುತ್ತಿದ್ದಾರೆ ಎಂದು ಉಬ್ಬಿಹೋದೆ ನಾನು, ಪೆದ್ದಿ.

ಅಲಿಬಾಗಕ್ಕೆ ಯಾವಾಗ ಹೋದರೆ ದಾರಿ ತೆರೆದಿರುತ್ತದೆ ಎಂಬ ಪ್ರಶ್ನೆ ಬಂತು. ಇವರ ಕಣ್ಣಿಗೆ ನಡುಹಗಲಿನ ಬೆಳಕೇ ಬೇಕು. ಸಂಜೆಯಾದರೆ ಎಲ್ಲ ಮಬ್ಬು. ಜಯಕರ ಎದೆ ತಟ್ಟಿಕೊಂಡ.

"ಎಂತದು ಅಕ್ಕ, ನಾನಿಲ್ವಾ? ಸಮುದ್ರದವ ನಾನು, ಕಾಪುವಿನವ. ನನ್ನ ಅಜ್ಜನ ಲೆಕ್ಕ ಉಂಟು. ಎಷ್ಟನೇ ದಿನವೋ ಅದರ ಮುಕ್ಕಾಲು, ಅಷ್ಟು ಗಂಟೆಗೆ ನೀರು ಭರ್ತಿ. ಅಲ್ಲಿಂದ ಆರು ಗಂಟೆಗೆ ಪೂರಾ ಇಳೀತದೆ." ಹೋಟೆಲಿನ ಗೋಡೆಗೆ ಊರಿನಿಂದ ತರಿಸಿದ ಪಂಚಾಂಗ ತೂಗುತ್ತಿತ್ತು. ಅದರಲ್ಲಿ ಬೆರಳಿಟ್ಟು, "ಬರುವ ಶುಕ್ರವಾರ ಎಂಟು. ಎಂಟರ ಮುಕ್ಕಾಲು ಆರು. ಬೆಳಿಗ್ಗೆ ಆರಕ್ಕೆ ಭರ್ತಿ, ಮಧ್ಯಾಹ್ನ ಹನ್ನೆರಡಕ್ಕೆ ದಾರಿ. ನಾನೂ ಬರ್ತೇನೆ, ನಡೀರಿ," ಎಂದ.

ದಾರಿಯುದ್ದಕ್ಕೂ ಇವರು ನನ್ನ ತೋಳು ಹಿಡಿದೇ ನಡೆದರು; ಒಂದೇ ಕಣ್ಣಲ್ಲವೇ, ಜನರ ನೂಕಾಟ ಬೇರೆ, ಎಂದುಕೊಂಡೆ. ಎರಡು ಮೂರು ಎಸ್.ಟಿ. ಬಸ್ಸು ಬದಲಾಯಿಸಿ, ಮೈಯೆಲ್ಲ ಧೂಳಾಗಿ, ಶುಕ್ರವಾರ ಹನ್ನೆರಡಕ್ಕೆ ಸರಿಯಾಗಿ ಅಲಿಬಾಗದ ದಂಡೆಗೆ ಬಂದೆವು. ಗಾಳಿಮರಗಳ ಸಾಲು ದಾಟಿ ಎದುರಿಗೆ ನೋಡಿದೆ.

ಹೇಗೆ ಹೇಳಲಿ? ಇಷ್ಟೊಂದು ನೀರು, ಒಂದಕ್ಕೂ ಗೋಡೆಯಿಲ್ಲ. ಕೆರೆಗೆ ಆಚೆ ದಂಡೆ ಇರುತ್ತದೆ, ಹೊಳೆಗೆ ಇರುತ್ತದೆ. ಇದಕ್ಕೆ ಒಂದೇ ದಂಡೆ, ಅದರ ಮೇಲೆ ನಾನು ನಿಂತಿದ್ದೇನೆ. ನೀರೆಲ್ಲ ಎದ್ದು ಉಸಿರಾಡುತ್ತಿತ್ತು. ನಡುವೆ ಕರೀ ಕಲ್ಲಿನ ಕೋಟೆ, ಸುತ್ತ ನಾಲ್ಕೂ ಕಡೆ ತೆರೆ ಒಡೆಯುತ್ತಿತ್ತು. ನನ್ನ ಕೈ ತಾನಾಗಿ ಮುಗಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ನಾಚಿಕೆಯೂ ಆಗಲಿಲ್ಲ.

ಇವರು ಚಪ್ಪಲಿ ಬಿಟ್ಟು ನಿಂತಿದ್ದರು. "ಅದ... ಅದ," ಎಂದು ಎರಡು ಸಲ ಅಂದರು, ಅಷ್ಟೇ. ನೋಡಲಿ, ಹೊಟ್ಟೆ ತುಂಬ ನೋಡಲಿ, ನಡುವೆ ಬಾಯಿ ಹಾಕಬಾರದು ಎಂದು ನಾನು ದೂರ ಸರಿದೆ.

ಆಮೇಲೆ ನೆನಪಾಯಿತು. "ಜಯಕರಾ, ದಾರಿ ಎಲ್ಲಪ್ಪಾ?"

ಜಯಕರನ ಮುಖ ಬಿಳುಚಿತ್ತು. ದಾರಿಯಿರಬೇಕಾದಲ್ಲಿ ಆಳೆತ್ತರ ನೀರಿತ್ತು. ಮೀನು ಒಣಹಾಕುತ್ತಿದ್ದ ಬೆಸ್ತರ ಹೆಂಗಸೊಬ್ಬಳನ್ನು ಮರಾಠಿಯಲ್ಲಿ ಕೇಳಿದ. ಅವಳು ಬಿದ್ದು ಬಿದ್ದು ನಕ್ಕಳು. ಇವತ್ತು ಚತುರ್ದಶಿ, ನಾಳೆ ಹುಣ್ಣಿಮೆ, ಈಗ ನೀರು ತುಂಬಿದ ಹೊತ್ತು, ದಾರಿ ತೆರೆಯುವುದು ಸಂಜೆಗೆ ಎಂದಳು.

"ಎಂಟು ಅಂದ್ಯಲ್ಲೋ?"

"ಎಂಟೇ ಅಕ್ಕ! ಮಾಯಿ ತಿಂಗಳ ಎಂಟು!" ಎಂದವನು ಅಲ್ಲೇ ಹಣೆ ಚಚ್ಚಿಕೊಂಡ. ತುಳುನಾಡಿನವರ ಮನೆಯಲ್ಲಿ ತಿಂಗಳ ದಿನ ಎಣಿಸುವುದು ಸೂರ್ಯನ ಸಂಕ್ರಮಣದಿಂದ. ನೀರು ಏರುವುದು, ಇಳಿಯುವುದು ಚಂದ್ರನಿಂದ. ಅಜ್ಜ ಎಣಿಸುತ್ತಿದ್ದದ್ದು ತಿಥಿ. ಏಳನೇ ವಯಸ್ಸಿಗೆ ಊರು ಬಿಟ್ಟು ನಾಶಿಕದ ಹೋಟೆಲಿನಲ್ಲಿ ಬೆಳೆದ ಮೊಮ್ಮಗ ಎಣಿಸಿದ್ದು ಮನೆಮಂದಿಯ ಬಾಯಲ್ಲಿ ದಿನಾ ಕೇಳಿದ ತುಳು ತಾರೀಕು.

"ಸಮುದ್ರದವ್ನಂತ ಸಮುದ್ರದವ! ಇಡ್ಲಿ ಪಾತ್ರಿ ನೀರಿನ ಲೆಕ್ಕ ಹಾಕ್ಕೊಂಡು ಕೂಡು ಹೋಗು!" ಎಂದು ಬೈದೆ. ಸಂಜೆಯ ಮಬ್ಬಿನಲ್ಲಿ ಇವರಿಗೆ ಏನು ಕಾಣಬೇಕು? ಆದರೆ ಇವರೇ ನನ್ನ ಕೈ ಹಿಡಿದು, "ಬಿಡು, ಕಾಯೋಣು. ನನಗ ಅವಸರ ಇಲ್ಲ," ಎಂದರು.

ಐದರ ಸುಮಾರಿಗೆ ಸಮುದ್ರ ಹಿಂದೆ ಸರಿಯಿತು. ಕಣ್ಣೆದುರೇ ಸರಿಯಿತು. ಮೊದಲು ಒಂದೆರಡು ಬಂಡೆಯ ತಲೆ, ಆಮೇಲೆ ಮರಳಿನ ಬೆನ್ನು, ಆಮೇಲೆ ಕೋಟೆಯ ಬಾಗಿಲವರೆಗೆ ಒದ್ದೆ ನೆಲ ಮಿನುಗುತ್ತ ಬಿಚ್ಚಿಕೊಂಡಿತು. ಮಧ್ಯಾಹ್ನ ಆಳು ಮುಳುಗುವ ನೀರಿದ್ದಲ್ಲಿ ಈಗ ಹೆಂಗಸರು ಬುಟ್ಟಿ ಹೊತ್ತು ನಡೆಯುತ್ತಿದ್ದರು. ನಾನು ಬಾಯಿ ತೆರೆದುಕೊಂಡೇ ಕ್ಯಾಮೆರಾ ನಿಲ್ಲಿಸಿದೆ. ಗಾಳಿಗೆ ಮರಳು ಹಾರುತ್ತಿತ್ತೆಂದು ಮುಂದಿನ ಗಾಜಿಗೆ ಮುಚ್ಚಳ ಹಾಕಿಯೇ ಇಟ್ಟಿದ್ದೆ.

"ನಾ ನೋಡ್ತೀನಿ," ಎಂದು ಇವರು ಬಟ್ಟೆಯೊಳಗೆ ತಲೆ ಹಾಕಿದರು. ಒಳಗಿನಿಂದಲೇ ಮಾತಾಡತೊಡಗಿದರು. "ಆಹಾ, ಪ್ರೇಮಾ! ಏನ್ ಛಂದ ಕಾಣ್ತದ! ನೀಲಿ ನೀರು. ಬಿಳೀ ತೆರಿ. ಎಡಕ್ಕ ನೋಡು, ಒಂದು ಹಡಗ, ಹಾಯಿ ಬಿಚ್ಚ್ಯಾರ. ನಾ ಬರದಂಗೇ ಅದ!"

ನಾನು ಎಡಕ್ಕೆ ನೋಡಿದೆ. ಹಡಗಿರಲಿಲ್ಲ. ಕ್ಯಾಮೆರಾದ ಮುಂದೆ ಬಂದು ನೋಡಿದೆ. ಮುಚ್ಚಳ ಹಾಗೇ ಇತ್ತು.

ಆ ಬಟ್ಟೆಯೊಳಗೆ ಕಗ್ಗತ್ತಲೆ. ಅವರು ನನಗೆ ಸ್ಟುಡಿಯೋದ ಪರದೆಯನ್ನು ಓದಿ ಹೇಳುತ್ತಿದ್ದರು.

"ಹೊರಗ ಬರ್ರಿ," ಎಂದೆ. ಬಂದರು. ನಗುತ್ತಿದ್ದರು. ಮುಚ್ಚಳ ತೆಗೆದು ಅವರ ಅಂಗೈಯಲ್ಲಿಟ್ಟೆ. ಅದರ ಅಂಚನ್ನು ಬೆರಳಿನಿಂದ ಸವರಿದರು. ನಗು ಹೋಯಿತು.

"ಎಂದ್ಲಿಂದ?" ಎಂದೆ.

"ನಾಶಿಕದಾಗೇ. ಆ ಗಂಟಿ ಕಂಡಿದ್ದೇ ಕಡೀದು. ಮರುದಿನ ಎದ್ರ ಏನೂ ಇಲ್ಲ."

"ನನಗೂ ಸುಳ್ಳು ಹೇಳಿದ್ರಿ? ನನಗೂ?" ನನ್ನ ದನಿ ಏರಿತು. ಜಯಕರ ದೂರ ಹೋಗಿ ಬೆನ್ನು ಮಾಡಿ ನಿಂತ. "ಬಸ್ಸಿನಾಗ ಅಷ್ಟು ದೂರ, ಇಡೀ ಮಧ್ಯಾಹ್ನ, ಒಂದು ಮಾತಾದ್ರೂ..."

"ಹೇಳಿದ್ರ ನೀ ಕರ್ಕೊಂಡು ಬರ್ತಿದ್ದೇನು?"

ಕರೆತರುತ್ತಿರಲಿಲ್ಲ. ಕಾಣದವರಿಗೆ ಸಮುದ್ರ ಯಾಕೆ ಎಂದು ಔರಂಗಾಬಾದಿನ ಬಸ್ಸು ಹತ್ತಿಸುತ್ತಿದ್ದೆ.

ಬಟ್ಟೆಯೊಳಗೆ ನಾನು ಹೋದೆ. ಅಳು ಬರುತ್ತಿತ್ತು, ಗಾಜು ಮಸಕಾಗುತ್ತಿತ್ತು, ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಪು ತಿರುಗಿಸಿದೆ. ಸಮುದ್ರ ಮೇಲೆ ಚಾವಣಿಯಾಗಿ ತೂಗುತ್ತಿತ್ತು; ಅದರಿಂದ ಕೋಟೆ ಇಳಿಬಿದ್ದಿತ್ತು; ನಡೆಯುವ ಜನ ತಲೆಕೆಳಗಾಗಿ, ಒಬ್ಬರೂ ಬೀಳದೆ ಹೋಗುತ್ತಿದ್ದರು. ಗಾಜಿನ ಪ್ಲೇಟು ಹಾಕಿ ಎರಡು ಚಿತ್ರ ತೆಗೆದೆ. ಕ್ಯಾಲೆಂಡರಿನವರು ಆಮೇಲೆ ಆರಿಸಿಕೊಂಡದ್ದು ಅದರಲ್ಲೊಂದು.

ಹೊರಗೆ ಬಂದಾಗ ಇವರು ಮುಚ್ಚಳ ಹಿಡಿದು ಅಲ್ಲೇ ನಿಂತಿದ್ದರು. ಮೆಲ್ಲಗೆ ಕೇಳಿದರು. "ಖರೇ ಹೇಳು. ನಾ ಬರದಂಗ ಅದನೋ ಇಲ್ಲೋ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಇಲ್ಲರಿ. ನೀವು ಬರದದ್ದು ಹತ್ತಡಿ. ಇದಕ್ಕ ಅಂಚೇ ಇಲ್ಲ. ನಡೀರಿ, ಕಾಲಿನಿಂದ ನೋಡ್ರಿ."

ಕೈ ಹಿಡಿದು ಸಮುದ್ರದೊಳಗೆ ಕರೆದುಕೊಂಡು ಹೋದೆ. ಮರಳೆಲ್ಲ ಸಣ್ಣ ಸಣ್ಣ ಮಡಿಕೆ, ಮಡಿಕೆಯ ನಡುವೆ ತಣ್ಣೀರು. ಅರ್ಧ ದಾರಿಯಲ್ಲಿ ಅವರು ಕುಕ್ಕರುಗಾಲಲ್ಲಿ ಕುಳಿತರು. ಎರಡೂ ಅಂಗೈ ಬಿಚ್ಚಿ, ಇಷ್ಟು ವರ್ಷ ಕುಂಚ ಹಿಡಿದ ಬೆರಳಿನಿಂದ ಆ ಮಡಿಕೆಗಳನ್ನು ಒಂದೊಂದಾಗಿ ಮುಟ್ಟಿದರು. ನೀರು ಬಾಯಿಗಿಟ್ಟು ಮುಖ ಹಿಂಡಿದರು. ಸುತ್ತ ಎಲ್ಲ ಕಡೆಯಿಂದ ಸದ್ದು ಬರುತ್ತಿತ್ತು.

"ತೆರಿ ಬರದೆ, ಹಡಗ ಬರದೆ," ಎಂದರು. "ಸಮುದ್ರಕ್ಕ ನೆಲ ಇರ್ತದಂತ ನನಗ ಹೊಳೀಲೇ ಇಲ್ಲ ನೋಡು. ಎಷ್ಟು ದೊಡ್ಡದು ಪ್ರೇಮಾ! ಎಷ್ಟು ದೊಡ್ಡದು!"

ಆಮೇಲೆ ಎದ್ದು ಅಂಗಿ ಸರಿಮಾಡಿಕೊಂಡರು. "ಇನ್ನೊಂದು ಪ್ಲೇಟ್ ಅದ ಅಲ್ಲ? ನಂದೊಂದು ತೆಗಿ. ಊರಾಗಿನವರ್ನೆಲ್ಲ ಸುಳ್ಳು ಸಮುದ್ರದ ಮುಂದ ಕೂಡ್ಸಿದೆ. ನಾನಾದ್ರೂ ಖರೇ ಸಮುದ್ರದಾಗ ನಿಂದರ್ತೀನಿ."

ಜಯಕರ ಓಡಿಹೋಗಿ ಕ್ಯಾಮೆರಾ ಹೊತ್ತು ತಂದ. ಅವರನ್ನು ನಿಲ್ಲಿಸಿ ಬಟ್ಟೆಯೊಳಗೆ ಹೋದೆ. ಗೆರೆ ಚೂಪಾಯಿತು. ಹೊರಗೆ ಬಂದು ಪ್ಲೇಟು ಹಾಕುವಷ್ಟರಲ್ಲಿ ಒಂದು ದೊಡ್ಡ ತೆರೆ ಬಂಡೆಗೆ ಹೊಡೆಯಿತು, ಅವರು ಆ ಸದ್ದಿನ ಕಡೆ ಮುಖ ತಿರುಗಿಸಿದರು. ಮದುಮಕ್ಕಳಾಗಲಿ ಕೂಸಾಗಲಿ, ಕಣ್ಣು ಅತ್ತಿತ್ತ ಹೋದರೆ "ಇಲ್ಲಿ ನೋಡ್ರಿ, ಇಲ್ಲಿ!" ಎಂದು ಗದರುತ್ತಿದ್ದ ಮನುಷ್ಯ. ಆ ಮಾತು ನನ್ನ ಗಂಟಲವರೆಗೆ ಬಂತು. ಹೇಳಲಿಲ್ಲ. ಒತ್ತಿದೆ.

ಪರದೆಯನ್ನು ಬಿಚ್ಚಿ ಮಡಚಿಟ್ಟಿದ್ದೇವೆ. ಆ ಗೋಡೆಯ ಮೇಲೆ ಈಗ ಅವರ ಫೋಟೋ ಇದೆ. ಕೆಳಗೆ ಕುರ್ಚಿಯಲ್ಲಿ ಅವರೇ ಕುಳಿತಿರುತ್ತಾರೆ, ಕ್ಯಾಮೆರಾ ನನ್ನ ಕೈಯಲ್ಲಿರುತ್ತದೆ. ಬಂದ ಗಿರಾಕಿಗಳು ಫೋಟೋ ನೋಡಿ ಕೇಳುತ್ತಾರೆ, ಇವರು ಯಾಕೆ ಕ್ಯಾಮೆರಾ ಕಡೆ ನೋಡಿಲ್ಲ ಎಂದು.

"ಸಮುದ್ರ ನೋಡ್ಲಿಕತ್ತಿದ್ರು," ಎನ್ನುತ್ತೇನೆ ನಾನು.