ಬಂದ್ ಮಾಡಬಾರದ ಗಾಡಿ

ಸೇಡಂ ದಾಟಿದ ಮೇಲೆ ಮೊದಲು ಹತ್ತಿದ್ದು ಬ್ಯಾಟರಿಯ ಕೆಂಪು ದೀಪ. ನಾನು ಅದನ್ನು ನೋಡಿಯೂ ನೋಡದವಳಂತೆ ಗಾಡಿ ಓಡಿಸಿದೆ. ಯಾಕೆಂದರೆ ಪಕ್ಕದಲ್ಲಿ ನನ್ನ ತಮ್ಮ ದೇವಾನಂದ ಕೂತಿದ್ದ. ಅವನದು ಹೊಗೆ ಕಂಡರೆ ಸಾಕು, ಊರೇ ಸುಟ್ಟಿತು ಅನ್ನುವ ಜಾತಿ. ಲೈಸೆನ್ಸ್ ಇಟ್ಟುಕೊಂಡಿದ್ದಾನೆ, ಧೈರ್ಯ ಇಟ್ಟುಕೊಂಡಿಲ್ಲ. ಹಾಗಾಗಿ ಗಾಡಿ ನನ್ನದು, ಓಡಿಸುವವಳೂ ನಾನೇ.

ಹಿಂದಿನ ಸೀಟಿನಲ್ಲಿ ಅಪ್ಪ ಅಂಬಾರಾಯ, ಅವನ ಮಗ್ಗುಲಿಗೆ ಅವ್ವ ಮಾಳಮ್ಮ, ಇಬ್ಬರ ನಡುವೆ ಕೈಚೀಲದಷ್ಟು ದೊಡ್ಡ ಆಕ್ಸಿಜನ್ ಯಂತ್ರ. ಅಪ್ಪ ಭಂಕೂರದ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುತ್ತಲೇ ಮುದುಕನಾದವನು. ಆ ಕಲ್ಲಿನ ಪುಡಿ ಎದೆಯೊಳಗೆ ಇಳಿದು ಕೂತುಬಿಟ್ಟಿದೆ. ಮೂಗಿಗೆ ನಳಿಕೆ ಇಲ್ಲದೆ ಈಗ ಅಂಗಳದ ತನಕವೂ ಬರಲಾರ. ಆದರೂ ಚಂದ್ರಂಪಳ್ಳಿ ಹತ್ತಿರದ ತನ್ನ ತಂಗಿಯ ಊರಿನಲ್ಲಿ ಅವಳ ಮೊಮ್ಮಗಳ ಕುಬಸ ಅಂತ ಕರೆ ಬಂದಾಗ ಹಟ ಹಿಡಿದ. ಹೋದೆವು, ಉಂಡೆವು, ಬಸುರಿಗೆ ಉಡಿ ತುಂಬಿದೆವು. ಆದರೆ ಹಿಂದಿನ ದಿನದ ಗಾಳಿಗೆ ಅಲ್ಲಿ ವಿದ್ಯುತ್ ಕಂಬ ಬಿದ್ದಿತ್ತು. ಯಂತ್ರಕ್ಕೆ ಚಾರ್ಜ್ ಹಾಕಲು ಆಗಲಿಲ್ಲ. ಅದರ ಸ್ವಂತ ಶಕ್ತಿ ತಳ ಕಂಡಿತ್ತು. ಹೊರಡುವಾಗ ಅದರ ವೈರನ್ನು ಗಾಡಿಯ ಸಾಕೆಟ್ಟಿಗೆ ಚುಚ್ಚಿದೆ. ಅಂದರೆ ಅಪ್ಪನ ಉಸಿರು ಭಂಕೂರದ ಮನೆ ಮುಟ್ಟುವವರೆಗೆ ನನ್ನ ಗಾಡಿಯ ಕೈಯಲ್ಲಿತ್ತು. ಮನೆಯಲ್ಲಿ ದೊಡ್ಡ ಯಂತ್ರ ಇದೆ, ಅಲ್ಲಿಗೆ ಮುಟ್ಟಿದರೆ ಚಿಂತೆಯಿಲ್ಲ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬ್ರೇಕಿನ ಹಳದಿ ದೀಪ ಹತ್ತಿತು. ಅದರ ಬೆನ್ನಿಗೆ ಸ್ಟೀರಿಂಗಿನದು, ಆಮೇಲೆ ಏರ್‌ಬ್ಯಾಗಿನದು, ಕೊನೆಗೆ ಎಂಜಿನ್ನಿನದು. ಡ್ಯಾಶ್‌ಬೋರ್ಡ್ ತುಂಬ ದೀಪ.

"ಅಕ್ಕಾ, ಬ್ರೇಕ್ ಹೋಗ್ಯಾದ! ಸ್ಟೀರಿಂಗೂ ಹೋಗ್ಯಾದ! ಬಂದ್ ಮಾಡು ಮೊದಲ, ಎಂಜಿನ್ ಆರಲಿ," ಅಂತ ದೇವಾನಂದ ಕಿರುಚಿದ.

"ಬಾಯಿ ಮುಚ್ಚಿ ಕುಂದ್ರು. ಬಂದ್ ಮಾಡೋದು ಬಿಡೋದು ನಾ ನೋಡ್ತೀನಿ."

ಬೈದೆನೇ ಹೊರತು ನನಗೂ ಅಂಜಿಕೆಯೇ. ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಲ್ಲಿಸಿದೆ, ಎಂಜಿನ್ ಮಾತ್ರ ಓಡುತ್ತಲೇ ಇರಲಿ ಅಂತ ಬಿಟ್ಟೆ. ಬ್ರೇಕ್ ತುಳಿದು ನೋಡಿದೆ, ಗಟ್ಟಿಯಾಗಿಯೇ ಇತ್ತು. ಸ್ಟೀರಿಂಗ್ ತಿರುಗಿಸಿದೆ, ಹಗುರಾಗಿ ತಿರುಗಿತು. ಬಿಸಿ ತೋರಿಸುವ ಮುಳ್ಳು ನಡುವಿನಲ್ಲೇ ನಿಂತಿತ್ತು. ಹಾಗಾದರೆ ಈ ದೀಪಗಳೆಲ್ಲ ಯಾಕೆ ಬಾಯಿ ಬಡಿದುಕೊಳ್ಳುತ್ತಿವೆ? ಓಣಿಯ ಮಂದಿಯೆಲ್ಲ ಒಂದೇ ದಿನ ಕಾಯಿಲೆ ಬಿದ್ದರೆ ಒಬ್ಬೊಬ್ಬರ ಹೊಟ್ಟೆ ಒತ್ತಿ ನೋಡುವುದಿಲ್ಲ, ಎಲ್ಲರೂ ನೀರು ಕುಡಿಯುವ ಬಾವಿ ನೋಡುತ್ತೇವೆ. ಇವಕ್ಕೆಲ್ಲ ಬಾವಿ ಒಂದೇ, ಬ್ಯಾಟರಿ. ಎಕ್ಸಲರೇಟರ್ ಒತ್ತಿದೆ. ಒಂದೊಂದಾಗಿ ದೀಪ ಆರಿದವು. ಕಾಲು ತೆಗೆದೆ. ಮತ್ತೆ ಎಲ್ಲವೂ ಹತ್ತಿದವು. ಹಾರ್ನ್ ಒತ್ತಿದರೆ ನೆಗಡಿಯಾದವರ ದನಿ.

"ಕೇಳ್ರಿ ಎಲ್ಲಾರೂ," ಅಂದೆ. "ಬ್ಯಾಟರಿ ಸಾಯಲಿಕತ್ತದ. ಎಂಜಿನ್ ಓಡೋ ತನಕ ಅದು ಹುಟ್ಟಿಸೋ ಕರೆಂಟಿನ ಮ್ಯಾಲ ಗಾಡಿ ನಡೀತದ, ಅಪ್ಪನ ಯಂತ್ರಾನೂ ನಡೀತದ. ಒಮ್ಮೆ ಬಂದ್ ಆತು ಅಂದ್ರ ಮತ್ತ ಚಾಲೂ ಆಗಂಗಿಲ್ಲ. ಮನಿ ಮುಟ್ಟೋ ತನಕ ಕೀಲಿಗಿ ಯಾರೂ ಕೈ ಹಚ್ಚಬ್ಯಾಡ್ರಿ."

ಎಸಿ ಬಂದ್, ಹಾಡು ಬಂದ್, ಮೊಬೈಲಿನ ವೈರ್ ಕಿತ್ತು ಎಸೆದೆ. ಬಿಸಿಲು ಒಳಗೇ ಬಂದು ಕೂತಿತು. ಅಪ್ಪ ಬೆವರುತ್ತ ಕಣ್ಣು ಮುಚ್ಚಿಕೊಂಡಿದ್ದ. ಚಿತ್ತಾಪುರದೊಳಗೆ ಬಂದಾಗ ಅವ್ವ, "ಇಲ್ಲೇ ದವಾಖಾನಿಗಿ ಹೋಗಾಮೇನು?" ಅಂದಳು. ಅಪ್ಪ ಕಣ್ಣು ತೆರೆಯದೆ ಕೈ ಆಡಿಸಿ "ಮನಿ" ಅಂದ. ವೇಗದಲ್ಲಿ ದೀಪಗಳು ಆರಿದ್ದವು, ಯಂತ್ರ ಚೆನ್ನಾಗಿ ಉಸಿರು ಬಿಡುತ್ತಿತ್ತು. ನನಗೂ ಮನೆಯೇ ಸರಿ ಅನ್ನಿಸಿತು.

ವಾಡಿ ರಸ್ತೆಗೆ ಬಿದ್ದೆವು. ಮುಂದೆ ರೈಲ್ವೆ ಗೇಟು ಮುಚ್ಚಿತ್ತು.

ಹಳಿಯ ಕಡೆಗೆ ರಸ್ತೆ ಏರುತ್ತಿತ್ತು. ಗೇಟಿನ ಮುಂದೆ ಮೊದಲ ಗಾಡಿ ನಮ್ಮದೇ. ಹಿಂದೆ ಫರಸಿ ತುಂಬಿದ ಒಂದು ಪಿಕಪ್, ಒಂದು ಟ್ರ್ಯಾಕ್ಟರ್, ಬೈಕುಗಳು ಬಂದು ನಿಂತವು. ಗೇಟು ಬಿದ್ದರೆ ನಮ್ಮ ಕಡೆ ಎಲ್ಲರೂ ಎಂಜಿನ್ ಬಂದ್ ಮಾಡಿ ಕೆಳಗಿಳಿದು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ನಾನೊಬ್ಬಳೇ ಎಂಜಿನ್ ಗುರ್ ಅನ್ನಿಸುತ್ತ ಕೂತೆ. ನೋಡುವವರಿಗೆ ಹುಚ್ಚಿ. ಕಾಲು ಒತ್ತಿಯೇ ಇದ್ದರೂ ದೀಪಗಳು ಮಿಣುಕತೊಡಗಿದವು. ಹಿಂದಿನಿಂದ ಯಂತ್ರ ಟೀಂ ಟೀಂ ಅಂತ ಕೂಗಿತು.

"ಕರೆಂಟ್ ಹೋಗಿ ಬಂದು ಮಾಡಲಿಕತ್ತದ," ಅಂದೆ. "ಬ್ಯಾಟರಿ ಮ್ಯಾಲಿನ ವೈರ್ ಸಡ್ಲ ಆಗಿರಬೇಕು. ದೇವಾ, ನೀ ಇಲ್ಲಿ ಬಂದು ಕುಂದ್ರು. ಎಕ್ಸಲರೇಟರ್ ಒತ್ತಿ ಹಿಡಿ. ಕೀಲಿಗಿ ಕೈ ಹಚ್ಚಬ್ಯಾಡ. ತಿಳೀತಾ?"

"ತಿಳೀತು," ಅಂತ ನನ್ನ ಸೀಟಿಗೆ ಬಂದು ಕೂತ.

ಇಳಿದು ಬಾನೆಟ್ ಎತ್ತಿದೆ. ಅದೇ ಹೊತ್ತಿಗೆ ಗೂಡ್ಸ್ ರೈಲು ಬಂತು. ಅದರ ಗಾಳಿಗೆ ನನ್ನ ಸೆರಗು ಹಾರಿ ಎಂಜಿನ್ನಿನ ಮೇಲೆ, ತಿರುಗುತ್ತಿದ್ದ ಬೆಲ್ಟಿನ ಕಡೆಗೆ ಹೋಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ ಅವ್ವ, "ಸೆರಗು! ದಾನಮ್ಮಾ, ಸೆರಗು!" ಅಂತ ಚೀರಿದಳು.

ದೇವಾನಂದ ಕೀಲಿ ತಿರುಗಿಸಿಬಿಟ್ಟ.

ಎಂಜಿನ್ ನಿಂತಿತು. ಸೆರಗು ಉಳಿಯಿತು. ತಮ್ಮನ ಮುಖ ನೋಡಿದೆ. ಅವನಿಗೆ ತಾನು ಏನು ಮಾಡಿದೆ ಅನ್ನುವುದು ಆಗಲೇ ಗೊತ್ತಾಗಿತ್ತು, ಕೀಲಿಯಿಂದ ಕೈ ತೆಗೆಯದೆ ಹಾಗೇ ಕೂತಿದ್ದ. ಮತ್ತೆ ತಿರುಗಿಸಿದ. ಟಕ್ ಟಕ್ ಟಕ್. ಅಷ್ಟೇ. ಯಂತ್ರ ತನ್ನೊಳಗೆ ಉಳಿದಿದ್ದ ಚೂರು ಶಕ್ತಿಗೆ ಬಂದು ನಿಂತಿತು, ಅದರ ಪರದೆಯ ಮೇಲೆ ಒಂದೇ ಒಂದು ಗೆರೆ ಕೆಂಪಗೆ ಮಿಣುಕುತ್ತಿತ್ತು.

ಬ್ಯಾಟರಿ ಕಡೆ ತಿರುಗಿದೆ. ಅದರ ತುಂಬ ಕುಂಕುಮ, ಭಂಡಾರದ ಅರಿಶಿನ, ಒಣಗಿ ಅಂಟಿದ ಕಾಯಿಚೂರು. ವೈರ್ ಕಚ್ಚಿದ ಜಾಗದಲ್ಲಿ ಹಸಿರು ಬಿಳಿ ಬೂಷ್ಟು ಹೆಪ್ಪುಗಟ್ಟಿ ಲೋಹವೇ ಕಾಣುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಮಾಡುವುದು ನಮ್ಮಲ್ಲಿ ಇದ್ದದ್ದೇ. ನಿಂಬೆಹಣ್ಣು ಗಾಲಿಗೆ, ಕುಂಕುಮ ಬಾನೆಟ್ಟಿಗೆ. ಆದರೆ ಯಾರು ಬಾನೆಟ್ ಎತ್ತಿ ಬ್ಯಾಟರಿಗೆ ಕಾಯಿ ಒಡೆಯುತ್ತಾರೆ?

"ಯಾರು ಮಾಡ್ಯಾರ ಇದು?" ಅಂತ ಕೂಗಿದೆ.

ಅವ್ವ ಕೆಳಗಿಳಿದು ಬಂದಿದ್ದಳು. "ನಾನೇ. ಅಮಾಸಿಗೊಮ್ಮೆ ಕಾಯಿನೀರು ಹುಯ್ತಿದ್ದೆ."

ನನ್ನ ಬಾಯಿಗೆ ಬೀಗವಿಲ್ಲ, ಅದು ಎಲ್ಲರಿಗೂ ಗೊತ್ತು. "ಹುಯ್ದಿ ಹುಯ್ದಿ, ಇವತ್ತ ಅಪ್ಪನ ಉಸಿರಿನ ಮ್ಯಾಲೇ ಹುಯ್ದಿ!" ಅಂದುಬಿಟ್ಟೆ. ಅವ್ವ ತಿರುಗಿ ಹೋಗಿ ಅಪ್ಪನ ಬೆನ್ನು ನೀವುತ್ತ ಕೂತಳು.

ಅಪ್ಪನ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ದೇವಾನಂದ ಆಂಬುಲೆನ್ಸಿಗೆ ಫೋನ್ ಹಚ್ಚಿದ. ಬರುತ್ತದೆ ಅಂದರು, ಆದರೆ ವಾಡಿ ಕಡೆಯಿಂದ. ನಡುವೆ ಇದೇ ಗೇಟು, ಇದೇ ಮುಗಿಯದ ರೈಲು. ಹಿಂದಿನ ಪಿಕಪ್ಪಿನ ಡ್ರೈವರ್, ಅಮೀರ್ ಅಲಿ ಅಂತ, ಓಡಿ ಬಂದ. ಅವನ ಹತ್ತಿರ ಬ್ಯಾಟರಿಯಿಂದ ಬ್ಯಾಟರಿಗೆ ಜೋಡಿಸುವ ವೈರ್ ಇದೆಯಾ ಅಂತ ಕೇಳಿದೆ.

"ವೈರ್ ನಹೀ ಬೆಹೆನ್," ಅಂದ. "ಮಂದಿ ಅದಾರ. ನೂಕಾಮೇನು?"

"ಮುಂದ ಗೇಟ್ ಅದ, ಎಲ್ಲಿ ನೂಕ್ತೀರಿ?"

ಕೇಳಿ ಮುಗಿಯುವ ಮೊದಲೇ ನನಗೆ ಉತ್ತರ ಹೊಳೆದಿತ್ತು. ಹಿಂದೆ ಇಳಿಜಾರು. ರಿವರ್ಸ್ ಗೇರಿನಲ್ಲೂ ಗಾಡಿ ಚಾಲೂ ಆಗುತ್ತದೆ.

"ಹಿಂದಿನ ಗಾಡಿ ಎಲ್ಲಾ ಸರಸ್ರಿ!"

ಅಮೀರ್ ಅಲಿ ಪಿಕಪ್ಪನ್ನು ರಸ್ತೆ ಕೆಳಗಿನ ಹೊಲಕ್ಕೇ ಇಳಿಸಿದ. ಟ್ರ್ಯಾಕ್ಟರಿನವನು ಹಿಂದೆ ಸರಿದ. ನಾನು ಕುಡಿಯುವ ನೀರನ್ನೆಲ್ಲ ಬ್ಯಾಟರಿ ಮೇಲೆ ಸುರಿದು, ಮನೆಯ ಕೀಲಿಯಿಂದ ಬೂಷ್ಟನ್ನು ಕೆರೆದೆ. ಲೋಹ ಹೊಳೆಯುವ ತನಕ ಕೆರೆದೆ. ಬೆರಳು ಉರಿಯುತ್ತಿತ್ತು. ಸಡಿಲವಾಗಿದ್ದ ವೈರಿನ ಹಿಡಿಕೆಯನ್ನು ಒತ್ತಿ, ತಿರುವಿ, ಕಲ್ಲಿನಿಂದ ಬಡಿದು ಕೂರಿಸಿದೆ. ಬಾನೆಟ್ ಮುಚ್ಚಿ, ದೇವಾನಂದನನ್ನು ನೂಕಲು ಇಳಿಸಿ, ನಾನು ಸ್ಟೀರಿಂಗ್ ಹಿಡಿದೆ.

ಕೀಲಿ ತಿರುಗಿಸಿದೆ, ದೀಪಗಳು ಮಂಕಾಗಿ ಹತ್ತಿದವು. ಇಷ್ಟು ಹೊತ್ತು ಆ ದೀಪಗಳನ್ನು ಶಪಿಸಿದ್ದೆ, ಈಗ ಅವು ಹತ್ತಿದ್ದೇ ದೊಡ್ಡದು ಅನ್ನಿಸಿತು. ಕ್ಲಚ್ ಒತ್ತಿ ರಿವರ್ಸ್ ಹಾಕಿದೆ. "ನೂಕ್ರಿ!"

ಗಾಡಿ ಹಿಂದಕ್ಕೆ ಉರುಳಿತು. ಕ್ಲಚ್ ಬಿಟ್ಟೆ. ಒಂದು ಜಗ್ಗು ಜಗ್ಗಿ ನಿಂತಿತು.

ಹಿಂದಿನ ಸೀಟಿನಲ್ಲಿ ಯಂತ್ರ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಆಮೇಲೆ ಅಪ್ಪನ ಗಂಟಲಿನ ಸದ್ದೊಂದೇ. ಗಾಳಿ ಒಳಗೆ ಹೋಗಲು ಜಾಗ ಹುಡುಕುವ ಸದ್ದು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ನನ್ನಿಂದ ಮುಂದಿನ ಕೆಲಸ ಆಗುತ್ತಿರಲಿಲ್ಲ.

"ಇನ್ನೊಮ್ಮೆ! ಜೋರ್ ಹಚ್ರಿ!"

ಈ ಸಲ ಅವಸರ ಮಾಡಲಿಲ್ಲ. ನೂಕುವವರು ಬೈಯಲಿ ಬಿಡಲಿ, ಇಳಿಜಾರಿನಲ್ಲಿ ಗಾಡಿ ವೇಗ ಹಿಡಿಯುವ ತನಕ ತುಟಿ ಕಚ್ಚಿ ಕಾದೆ. ಮಂದಿಯ ಕೈ ಬಿಟ್ಟುಹೋಗುವಷ್ಟು ಓಡಿದ ಮೇಲೆ ಕ್ಲಚ್ ಬಿಟ್ಟೆ. ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹಿಡಿದುಕೊಂಡಿತು. ಕ್ಲಚ್ ತುಳಿದು ಗೇರ್ ಬಿಡಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಒತ್ತಿದೆ ಕಾಲು, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದೆ. ಹಿಂದೆ ಯಂತ್ರ ಕ್ಲಿಕ್ ಅಂತು. ಅದರ ಫ್ಯಾನ್ ತಿರುಗಿತು. ಅವ್ವ "ಎಳಕೋರಿ, ಎಳಕೋರಿ ಉಸುರು," ಅಂತ ಅಪ್ಪನಿಗೆ ಹೇಳುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅಪ್ಪ ಒಂದು ಉದ್ದ ಉಸಿರು ಎಳೆದುಕೊಂಡ.

ಗೇಟು ತೆರೆಯಿತು. ದೇವಾನಂದ ಓಡಿ ಬಂದು ಹತ್ತಿಕೊಂಡ. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ, ಕಾಯದೆ ಹೊರಟೆ. ಅಮೀರ್ ಅಲಿಗೆ ಕೈ ಎತ್ತಲೂ ಆಗಲಿಲ್ಲ ನನಗೆ. ವಾಡಿಯ ಸಿಮೆಂಟ್ ಧೂಳು, ಶಹಾಬಾದಿನ ಸಂತೆ ಮಂದಿ, ಯಾವುದಕ್ಕೂ ಗಾಡಿಯ ಸದ್ದು ಇಳಿಯಗೊಡಲಿಲ್ಲ. ದೇವಾನಂದ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂತಿದ್ದ, ಅವು ಮತ್ತೆ ಕೀಲಿಗೆ ಹೋದಾವು ಅನ್ನುವ ಭಯಕ್ಕೆ. ಅವನಿಗೂ ಏನಾದರೂ ಅನ್ನಬೇಕು ಅಂತಿದ್ದೆ. ಅವನು ಉಳಿಸಲು ಹೋದದ್ದು ನನ್ನನ್ನು ಅನ್ನುವುದು ನೆನಪಾಗಿ ಸುಮ್ಮನಾದೆ.

ಭಂಕೂರದಲ್ಲಿ ಮನೆ ಬಾಗಿಲಿಗೆ ಗಾಡಿ ಹಚ್ಚಿದೆ. ದೇವಾನಂದ ಅಪ್ಪನನ್ನು ಎತ್ತಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದ: "ಅಕ್ಕಾ, ಹಚ್ಚೀನಿ! ಛಲೋ ಅದಾನ! ಬಂದ್ ಮಾಡು ಇನ್ನ!"

ನನಗೆ ಆಗಲಿಲ್ಲ. ಕಾಲು ಎಕ್ಸಲರೇಟರಿನಿಂದ ಏಳಲೇ ಇಲ್ಲ. ಅವ್ವನೂ ಇಳಿದಿರಲಿಲ್ಲ.

"ಇಳಿ ಅವ್ವಾ, ಅಪ್ಪನ ಬಲ್ಲಿ ಹೋಗು."

"ನೀ ಖರೇನೇ ಅಂದಿ," ಅಂದಳು. ಅಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ದಮ್ಮು ಹತ್ತಿದಾಗೆಲ್ಲ ಅವರನ್ನ ಒಯ್ಯೋದು ಈ ಗಾಡಿ. ಇದು ನಿಂತ್ರ ಅವರೂ ನಿಲ್ತಾರ ಅಂತ ನನಗ ಭಾಳ ಅಂಜಿಕಿ. ಇದರ ಜೀವ ಎಲ್ಲಿರ್ತದಪ್ಪಾ ಅಂತ ದೇವಾಗ ಕೇಳಿದ್ದೆ. ಬ್ಯಾಟರ್‍ಯಾಗ ಅಂದ. ಅದಕ್ಕ ಅಲ್ಲೇ ಹುಯ್ದೆ. ಪ್ರತಿ ಅಮಾಸಿಗಿ ಅವರ ಹೆಸರು ಹೇಳಿ ಹುಯ್ದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಗೇಟಿನ ಹತ್ತಿರ ಆಡಿದ ಮಾತನ್ನು ನುಂಗಿಕೊಳ್ಳಲು ಆಗುವುದಿದ್ದರೆ ಆ ಹಸಿರು ಬೂಷ್ಟಿನ ಸಮೇತ ನುಂಗುತ್ತಿದ್ದೆ. "ಅವ್ವಾ" ಅಂದೆ, ಸ್ಟೀರಿಂಗಿನ ಮೇಲೆ ತಲೆ ಇಟ್ಟು ಅತ್ತೆ. ಅಳುವಾಗಲೂ ಕಾಲು ಒತ್ತಿಯೇ ಇತ್ತು.

ಅವ್ವ ಹಿಂದಿನಿಂದ ಮುಂದಕ್ಕೆ ಬಾಗಿದಳು. "ಬಂದ್ ಮಾಡವ್ವಾ. ಇನ್ನ ಏನೂ ಆಗಂಗಿಲ್ಲ," ಅಂತ ನನ್ನ ಬಲಗೈಯನ್ನು ಹಿಡಿದು ಕೀಲಿಯ ಮೇಲೆ ಇಟ್ಟಳು. ಇಬ್ಬರೂ ಕೂಡಿ ತಿರುಗಿಸಿದೆವು. ಎಂಜಿನ್ ನಿಂತಿತು, ದೀಪಗಳೆಲ್ಲ ಆರಿದವು. ಒಳಗಿನ ದೊಡ್ಡ ಯಂತ್ರದ ಸದ್ದು ಆಗ ಅಂಗಳದವರೆಗೆ ಕೇಳಿಸಿತು. ಅದರ ಜೊತೆಗೆ ಅಪ್ಪ ಕೆಮ್ಮಿದ್ದೂ ಕೇಳಿಸಿತು. ಅವ್ವ ಅದನ್ನು ಕೇಳಿದ ಮೇಲೆ ಅತ್ತಳು.