ಕಾಲುವೆ ದಂಡೆಯ ಸಾಲು

ಗದ್ದೆಗೆ ನೀರು ಕಟ್ಟಲು ಹೋದ ಓಬಳಪ್ಪನ ಮೇಲೆ ಕರಡಿ ಬಿದ್ದ ಮೇಲೆ ಗುಡ್ಡದಾಚೆಯ ಕಾಲನಿಯ ಮಕ್ಕಳು ಶಾಲೆ ಬಿಟ್ಟು ಮನೆಯಲ್ಲೇ ಕುಳಿತರು. ಓಬಳಪ್ಪ ಬದುಕಿಕೊಂಡ. ಆದರೆ ಅವನ ಮುಖ ನೋಡಿ ಬಂದ ತಾಯಂದಿರು ಮಕ್ಕಳನ್ನು ಕಾಲುವೆ ದಂಡೆಗೆ ಕಳಿಸಲು ಒಪ್ಪಲಿಲ್ಲ. ಬುಕ್ಕಸಾಗರದ ಶಾಲೆಗೆ ಬೇರೆ ದಾರಿಯೂ ಇರಲಿಲ್ಲ.

ಬಾಳೆತೋಟಗಳಲ್ಲಿ ಕೂಲಿ ಮಾಡುವ ಅನುಸೂಯಾ ಮನೆಮನೆಗೆ ಹೋದಳು.

"ಒಂದೊಂದ ಕೂಸು ಹೋದ್ರ ಅಂಜಿಕಿ. ಎಲ್ಲಾರನ್ನೂ ಕೈ ಹಿಡಿಸಿ, ಸಾಲಾಗಿ ನಾವ ಕರಕೊಂಡು ಹೋಗಾನ. ಮುಂದ ಒಬ್ರು, ಹಿಂದ ಒಬ್ರು. ತಾಟು ಬಡಕೊಂತ ಹೋದ್ರ ಕರಡಿ ಸಪ್ಪಳಕ್ಕ ದೂರ ಹೋಗ್ತೈತಿ."

ಕೆಲವರು ನಕ್ಕರು. ಮೊದಲು ಬಂದವಳು ಶುಭಾ, ಗುಡ್ಡದ ಆಂಜನೇಯ ಗುಡಿಯ ಆಚಾರ್ಯರ ಸೊಸೆ. ಹೊಸಪೇಟೆಯ ಬ್ಯಾಂಕಿನಲ್ಲಿ ಕೆಲಸ. ಅತ್ತೆ ಗೋದಾಬಾಯಿ, "ಯಾರ್ಯಾರ ಮಕ್ಕಳ ಕೈ ಹಿಡೀತೀಯೇ?" ಎಂದು ಮುಖ ಸಿಂಡರಿಸಿದರೂ ಅವಳು ಮಗನನ್ನು ಸಾಲಿಗೆ ಸೇರಿಸಿದಳು. ಅವಳನ್ನು ನೋಡಿ ಉಳಿದವರೂ ಬಂದರು.

ಸೀತಾಫಲ ಹಣ್ಣಾಗುವ, ಅದನ್ನು ತಿನ್ನಲು ಕರಡಿಗಳು ಗುಡ್ಡದಿಂದ ಇಳಿಯುವ ಕಾಲ. ಒಂದು ಬೆಳಿಗ್ಗೆ ಅನುಸೂಯಾ, ಶುಭಾ ಇಬ್ಬರದೇ ಪಾಳಿ. ತಾಟು ಬಡಿಯುತ್ತ ಅನುಸೂಯಾ ಮುಂದಿದ್ದಳು, ಶುಭಾ ಹಿಂದೆ. ಕಾಲುವೆಗೆ ನೀರು ಜೋರಾಗಿ ಬಿಟ್ಟಿದ್ದರು. ತೂಬಿನ ಹತ್ತಿರ ನೀರಿನ ಭೋರ್ಗರೆತದಲ್ಲಿ ತಾಟಿನ ಸದ್ದು ಬಡಿಯುವ ಅನುಸೂಯಾಳಿಗೇ ಕೇಳಿಸುತ್ತಿರಲಿಲ್ಲ.

ಬಂಡೆಗಳ ತಿರುವು ದಾಟುತ್ತಲೇ ಹಿಂದಿನಿಂದ ಶುಭಾಳ ದನಿ ಬಂತು. "ಅನುಸೂಯಾ, ನಿಲ್ರಿ."

ಅವಳು ತಿರುಗಿದಳು. ಶುಭಾಳ ಹಿಂದೆ, ದಾರಿಯ ನಡುವೆ, ಕರಡಿ. ಬೆನ್ನ ಮೇಲೆ ಮರಿ. ಕರಡಿಯ ಆಚೆ ಕಿತ್ತ ಚಪ್ಪಲಿ ಹಿಡಿದುಕೊಂಡು ಒಂದೇ ಮಗು ನಿಂತಿತ್ತು. ಅನುಸೂಯಾಳ ಮಗಳು ಪ್ರಜ್ಞಾ.

ತಾಟಿನ ಮೇಲೆತ್ತಿದ್ದ ಕೈ ಅಲ್ಲೇ ನಿಂತಿತು. ಈಗ ಬಡಿದರೆ ಕರಡಿ ಬೆದರಿ ಮಗಳ ಕಡೆಗೇ ಓಡುತ್ತದೆ. ತಾನು ಓಡಿದರೆ ಸಾಲು ಚದುರುತ್ತದೆ, ಮಕ್ಕಳು ಕಾಲುವೆಗೆ ಬೀಳುತ್ತಾರೆ. ಸಣ್ಣವರಿಬ್ಬರು ಆಗಲೇ ಅವಳ ಸೀರೆಗೆ ಜೋತುಬಿದ್ದಿದ್ದರು.

"ಯಾರೂ ಓಡಬ್ಯಾಡ್ರಿ," ಎಂದಳು ಮೆಲ್ಲಗೆ. "ಕೈ ಬಿಡಬ್ಯಾಡ್ರಿ."

ಪ್ರಜ್ಞಾಳ ಬಾಯಿ ಅಳುವಿಗೆ ಸೊಟ್ಟಗಾಗುತ್ತಿತ್ತು. ಅನುಸೂಯಾ ತುಟಿಯ ಮೇಲೆ ಬೆರಳಿಟ್ಟು, ದಂಡೆಯ ಕೆಳಗಿನ ಭತ್ತದ ಗದ್ದೆ ತೋರಿಸಿದಳು. ಇಳಿ, ಇಳಿ. ಮಗು ಕುಳಿತು ಜಾರಿತು. ಸರಕ್ಕನೆ ಕಲ್ಲುಗಳು ಉರುಳಿದವು.

ಕರಡಿ ಆ ಕಡೆ ತಿರುಗಿ ಎರಡು ಕಾಲ ಮೇಲೆ ಎದ್ದು ನಿಂತಿತು.

"ಏಯ್!" ಶುಭಾ ಕೂಗಿದಳು. ಮಕ್ಕಳಿಂದ ದೂರ ಸರಿದು, ಬ್ಯಾಗನ್ನು ತಲೆಯ ಮೇಲೆತ್ತಿ ಇನ್ನೊಮ್ಮೆ ಕೂಗಿದಳು. "ಇಲ್ಲಿ ನೋಡು! ಏಯ್!"

ಕರಡಿ ಅವಳತ್ತ ನುಗ್ಗಿತು. ಶುಭಾ ಓಡಲಿಲ್ಲ, ಕಾಲು ಏಳಲಿಲ್ಲವೆಂದು ಆಮೇಲೆ ಹೇಳಿದಳು. ಇನ್ನೇನು ಮೈಮೇಲೆ ಬಿತ್ತು ಅನ್ನುವಾಗ ಅದು ಗುಡ್ಡದ ಕಡೆ ಹೊರಳಿ ಬಂಡೆಗಳ ಸಂದಿಯಲ್ಲಿ ಮರೆಯಾಯಿತು.

ಅನುಸೂಯಾ ಗದ್ದೆಗೆ ಇಳಿದು, ಕೆಸರು ಮೆತ್ತಿದ ಮಗಳನ್ನು ಎದೆಗೆ ಅವಚಿಕೊಂಡು ಬಂದಳು. ಮಗಳು ಅಳಲಿಲ್ಲ. ಅತ್ತವಳು ತಾಯಿ. ಅಳು ನಿಂತ ಮೇಲೆ ಸಿಟ್ಟು ಬಂತು.

"ಹಿಂದ ಇರೋರಿಗೆ ಇರೋದು ಒಂದ ಕೆಲಸ, ಶುಭಕ್ಕ. ಹಿಂದ ನೋಡೋದು."

"ಮುಂದಿನ ಹುಡುಗ ಎಡವಿಬಿದ್ದ, ಎತ್ತಲಿಕ್ಕೆ ಬಗ್ಗಿದೆ. ಚಪ್ಪಲಿ ಕಿತ್ತು ಆಕೆ ಹಿಂದ ನಿಂತಿದ್ದು ನೋಡ್ಲಿಲ್ರಿ," ಎಂದಳು ಶುಭಾ. "ನಂದ ತಪ್ಪು."

ಅನುಸೂಯಾ ತಾಟು ಎತ್ತಿಕೊಂಡು ಸಾಲಿನ ಮುಂದೆ ಹೋದಳು. ಇಬ್ಬರೂ ಮಕ್ಕಳನ್ನು ಶಾಲೆಗೆ ಮುಟ್ಟಿಸಿದರು.

ಸಂಜೆ ಕಾಲನಿಯವರೆಲ್ಲ ಗುಡಿಯ ಮುಂದೆ ಸೇರಿದರು. ಗೋದಾಬಾಯಿ ಸೊಸೆ ಇನ್ನು ಹೋಗಕೂಡದೆಂದರು. ಕರೆಮ್ಮ ಎಂಬ ಮುದುಕಿ ಅನುಸೂಯಾಳನ್ನು ನೇರವಾಗಿ ಕೇಳಿದಳು: "ನಿನ್ನ ಮಗಳನ್ನ ಬಿಟ್ಟು ಬಂದಾಕಿ ಜೋಡಿ ಮತ್ತ ಹೋಗ್ತಿಯೇನು?"

ಶುಭಾ ತಲೆ ತಗ್ಗಿಸಿದಳು. ಹೊರಗೆ ಹೇಳದಿದ್ದರೂ, ಇನ್ನು ಇವಳ ಜೊತೆ ಬೇಡವೆಂದು ಅನುಸೂಯಾಳಿಗೂ ಅನಿಸಿತ್ತು. ಮಗಳು ಮಡಿಲಲ್ಲಿ ನಿದ್ದೆ ಹೋಗಿದ್ದಳು.

"ಸಿಟ್ಟು ಇನ್ನಾ ಹೋಗಿಲ್ಲ," ಎಂದಳು ಅನುಸೂಯಾ. "ಆದ್ರ ಕರಡಿ ಮುಂದ ನಿಂತಾಕಿನೂ ಇಕಿನ. ಇಬ್ರಿಂದ ಆಗಂಗಿಲ್ಲ, ನಡುವ ಮತ್ತೊಬ್ರು ಬೇಕು. ಯಾರು ಬರ್ತೀರಿ, ಹೇಳ್ರಿ."

ಕೊನೆಗೆ ಕರೆಮ್ಮನೇ ಗೊಣಗಿದಳು: "ನನ್ನ ಕಾಲು ನಿಧಾನ ಐತಿ. ಜಲ್ದಿ ಜಲ್ದಿ ಅನ್ನಬ್ಯಾಡ್ರಿ ಮತ್ತ."

ಮರುದಿನ ಸಾಲು ಮೊದಲಿನಷ್ಟು ಉದ್ದವಿರಲಿಲ್ಲ. ಕೆಲವರು ಮಕ್ಕಳನ್ನು ಕಳಿಸಲಿಲ್ಲ. ಕರೆಮ್ಮನ ನಡಿಗೆಗೆ ತಕ್ಕಂತೆ ಎಲ್ಲರೂ ನಿಧಾನವಾಗಿ ನಡೆದರು, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಸೇರಿದರು. ತಡವಾಯಿತೆಂದು ಬೈಯದೆ ಮಾಸ್ತರರು ಮಕ್ಕಳನ್ನು ಒಳಗೆ ಕರೆದುಕೊಂಡರು.