ಘಮ ನಿಲ್ಲಿಸಿದ ಹೂವು

ಆರ್ಕಿಡ್ ಸಂಘದವರು ನನ್ನ ಗಂಡನನ್ನು ಮೂಗುರಾಯರು ಎಂದು ಕರೆಯುತ್ತಾರೆ. ವರ್ಷವರ್ಷದ ಪ್ರದರ್ಶನದಲ್ಲಿ ಯಾವ ಹೂವಿನ ಪರಿಮಳಕ್ಕೆ ಚಿನ್ನದ ಪದಕ ಎಂದು ತೀರ್ಮಾನಿಸುವುದು ಇವರ ಮೂಗು. ಕಳೆದ ವರ್ಷ ಜ್ವರ ಬಂದು ಹೋದ ಮೇಲೆ ಆ ಮೂಗಿಗೆ ಏನೂ ತಿಳಿಯುವುದಿಲ್ಲ. ಇದು ನನಗೆ ಗೊತ್ತು. ನನಗೆ ಗೊತ್ತೆಂದು ಇವರಿಗೆ ಗೊತ್ತಿಲ್ಲ.

ಗೊತ್ತಾಗದೆ ಇರುತ್ತದೆಯೇ? ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗುತ್ತಿತ್ತು. ಮಹಾಶಯರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ನಾನು ಓಡಿ ಬಂದರೆ, "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಅಂದರು. ಏನು ಹೇಳೋಣ ಅಂತಿದ್ದರೋ! ಅಂದಿನಿಂದ ಕಾಯುತ್ತಿದ್ದೇನೆ, ಕಟ್ಟಿಕೊಂಡವಳ ಹತ್ತಿರವಾದರೂ ಬಾಯಿಬಿಟ್ಟು ಹೇಳಲಿ ಎಂದು. ಹೇಳಿದರೆ ಇರುವ ಮೂಗು ಉದುರಿಹೋಗುತ್ತದೆಯೇ?

ಇವರ ಉಪಾಯ ಇಷ್ಟೆ. ಯಾವ ಜಾತಿಯ ಹೂವು ಹೇಗೆ ಘಮಿಸುತ್ತದೆ ಎನ್ನುವುದು ಬಾಯಿಪಾಠ. ಕುಂಡಕ್ಕೆ ಅಂಟಿಸಿದ ಹೆಸರಿನ ಚೀಟಿ ಓದುವುದು, ಕಣ್ಣು ಮುಚ್ಚುವುದು, "ಮೊದಲು ನಿಂಬೆ, ಆಮೇಲೆ ಲವಂಗ" ಎಂದು ಒಪ್ಪಿಸುವುದು. ಹಿಂದೆ ನಿಂತ ಸಂಘದ ದಂಡು ಒಬ್ಬೊಬ್ಬರಾಗಿ ಬಗ್ಗಿ "ಹೌದೌದು, ಲವಂಗ!" ಎನ್ನುವುದು. ಕೆಲವು ಆರ್ಕಿಡ್‌ಗಳು ಒಂದು ಹನಿ ಮಕರಂದವನ್ನೂ ಕೊಡದೆ ಬರೀ ಪರಿಮಳದಿಂದ ದುಂಬಿಯನ್ನು ಮರುಳು ಮಾಡುತ್ತವೆ. ನಮ್ಮವರಿಗೆ ಆ ಪರಿಮಳವೂ ಬೇಕಿಲ್ಲ, ಮಾತೊಂದೇ ಸಾಕು.

ಈ ಸಲ ಕೊನೆಯ ಮೇಜಿನ ಮೇಲೆ ಊರಿನಲ್ಲಿ ಬೇಕರಿ ನಡೆಸುವ ಹೆಂಗಸೊಬ್ಬಳ ಹೂವಿತ್ತು. ಬೆಳಗಿನ ಬಿಸಿಲು ಬಿದ್ದೊಡನೆ ವೆನಿಲಾದಂತೆ ಘಮಿಸುವ ಜಾತಿಯ ಒಂಟಿ ಹಳದಿ ಹೂವು. ಇವರ ಕೋಟು, ಚೀಲ ಹೊತ್ತು ಸುತ್ತುವುದು ನನ್ನ ಕೆಲಸವಾದ್ದರಿಂದ ಎಲ್ಲರಿಗಿಂತ ಮೊದಲೇ ಬಗ್ಗಿ ಮೂಸಿದೆ. ಏನೂ ಇಲ್ಲ. ನೋಡಿದರೆ ಹೂವಿನ ನಡುವೆ ಪರಾಗದ ಗುಳಿಗೆ ಅಂಟಿಕೊಂಡಿದೆ. ಯಾವುದೋ ಜೇನುನೊಣ ಬಂದು ಹೋಗಿದೆ. ಇಷ್ಟು ವರ್ಷ ಇವರ ಉಪನ್ಯಾಸ ಕೇಳಿ ಕಿವಿ ತೂತಾದವಳಿಗೆ ಅಷ್ಟೂ ತಿಳಿಯದೆ? ಹೂವು ಪರಿಮಳವನ್ನು ಸುಮ್ಮನೆ ಚೆಲ್ಲುವುದಿಲ್ಲ. ಅದನ್ನು ತಯಾರಿಸಲು ಗಿಡದ ಸಕ್ಕರೆ ಖರ್ಚಾಗುತ್ತದೆ. ಪರಾಗ ಕೂತಿತೋ, ಕೆಲಸ ಮುಗಿಯಿತು, ಅಂಗಡಿ ಬಂದ್. ಎಸಳು ಮಾತ್ರ ಒಂದೆರಡು ದಿನ ಹೊಸದರ ಹಾಗೇ ಇರುತ್ತದೆ. ಹೂವಿಗಿರುವಷ್ಟು ಬುದ್ಧಿ ಇವರಿಗಿಲ್ಲ.

ಕಿವಿಯಲ್ಲಿ ಒಂದು ಮಾತು ಹಾಕಬಹುದಿತ್ತು. ಹಾಕಲಿಲ್ಲ. ಸಿಕ್ಕಿಬೀಳಲಿ ಎಂದೇ ಸುಮ್ಮನಿದ್ದೆ.

ಇವರು ಚೀಟಿ ಓದಿದರು, ಕಣ್ಣು ಮುಚ್ಚಿದರು. ತೆರೆದಿದ್ದರೆ ಪರಾಗವಾದರೂ ಕಾಣುತ್ತಿತ್ತು. "ಆಹಾ! ವೆನಿಲಾ. ಹಿಂದೆ ಸ್ವಲ್ಪ ಏಲಕ್ಕಿ."

ದಂಡು ಬಗ್ಗಿತು. "ಏಲಕ್ಕಿ ಸ್ವಲ್ಪ ಜಾಸ್ತೀನೇ ಇದೆ" ಎಂದ ಖಜಾಂಚಿ. ಚಿನ್ನದ ಪದಕ ಅದಕ್ಕೇ ಹೋಯಿತು. ಬೇಕರಿಯಾಕೆ ಮಾತ್ರ ಪದಕ ಹಿಡಿದು ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದಳು.

ಜನ ಕರಗಿದ ಮೇಲೆ ಕೋಟು ಕೊಡೋಣವೆಂದು ಇವರನ್ನು ಹುಡುಕಿಕೊಂಡು ಹೋದೆ. ಸಭಾಂಗಣದ ಹಿಂದಿನ ನಲ್ಲಿಯ ಬಳಿ ಬೇಕರಿಯಾಕೆ ಇವರನ್ನು ನಿಲ್ಲಿಸಿಕೊಂಡಿದ್ದಳು. ನಾನು ಕುಂಡಗಳ ಸಾಲಿನ ಈಚೆಗೇ ನಿಂತೆ.

"ಸಾರ್, ತಪ್ಪು ತಿಳ್ಕೋಬೇಡಿ. ನಿನ್ನೆಯಿಂದ ಈ ಹೂವಿಗೆ ಘಮಾನೇ ಇಲ್ಲ. ಪ್ರದರ್ಶನಕ್ಕೆ ಹೆಸರು ಕೊಟ್ಟಾಗಿತ್ತಲ್ಲ ಅಂತ ತಂದಿಟ್ಟೆ. ಈ ಪದಕ ನಂಗೆ ಬೇಡ."

ಈಗ ಶುರುವಾಗುತ್ತದೆ ನೋಡು ಉಪನ್ಯಾಸ, ಎಂದುಕೊಂಡೆ.

"ನಂಗೆ ವಾಸನೆ ಗೊತ್ತಾಗಲ್ಲಮ್ಮ" ಅಂದರು ಇವರು. "ಒಂದು ವರ್ಷ ಆಯ್ತು. ಇವತ್ತೇ ಅಧ್ಯಕ್ಷರಿಗೆ ಹೇಳಿ ಈ ಕೆಲಸ ಬಿಟ್ಬಿಡ್ತೀನಿ. ಸಂಘದೋರು ಏನಾದ್ರೂ ಅಂದ್ಕೊಳ್ಳಲಿ."

ನನಗೆ ಹೊಟ್ಟೆ ಉರಿದುಹೋಯಿತು. ನಾನು ಇಷ್ಟು ದಿನ ಕಾದ ಮಾತು ಬೇಕರಿಯವಳ ಪಾಲಾಯಿತಲ್ಲ!

"ಮನೆಯವ್ರಿಗೆ ಹೇಳಿದೀರಾ?" ಎಂದಳು ಅವಳು.

"ಅಯ್ಯೋ, ಅವಳಿಗೆ ಮಾತ್ರ ಗೊತ್ತಾಗ್ಬಾರ್ದು. ಊರೋರು ನಕ್ರೆ ಒಂದು ದಿನ ನಗ್ತಾರೆ. ಅವಳು ದಿನಾ ನಗ್ತಾಳೆ."

ಅದಕ್ಕೆ ತಕ್ಕ ಉತ್ತರ ಆಗಲೇ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಬಲು ಚೂಪಾದದ್ದು. ನುಂಗಿಕೊಂಡೆ. ಸದ್ದಾಗದಂತೆ ವಾಪಸು ಹೋಗಿ ಬಾಗಿಲಲ್ಲಿ ನಿಂತೆ. ಇವರು ಬಂದರು. ಕೋಟು ತೊಡಿಸಿದೆ.

"ಯಾಕೆ, ಇವತ್ತು ಮಾತೇ ಇಲ್ಲ?" ಎಂದು ಕೇಳಿದರು, ಹೆದರಿಕೊಂಡು.